ಬಸ್ ಸ್ಟ್ಯಾಂಡಿನ ಉಚ್ಚಾರಣೆ

ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಹದಿನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತ ಮೇಲೆ ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿಯಿತು. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಕೆಳಗೆ ಪತ್ರಿಕೆ ಮಾರುವವನಿಗೆ, ಕೊನೆಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನ ಗೆಳೆಯರಿಗೂ ಆಕೆ ಮೈಕಕ್ಕ.

ನಿಲ್ದಾಣದ ಮೊದಲ ಮಹಡಿಯ ಮೂಲೆಯಲ್ಲಿ, ಮೂರು ಕಡೆ ಗಾಜು ಇರುವ ಪುಟ್ಟ ಕೋಣೆ ಆಕೆಯದು. ಒಂದು ಮೇಜು, ಬಸ್ಸುಗಳ ವೇಳೆ ಬರೆದ ಉದ್ದನೆಯ ರಿಜಿಸ್ಟರು, ಸ್ಪಂಜು ಸವೆದುಹೋದ ಮೈಕು, ತಲೆಯ ಮೇಲೊಂದು ಫ್ಯಾನು. ಫ್ಯಾನಿನ ಗರಗರ ಮೈಕಿನಲ್ಲಿ ಊರಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಬಾಯಿ ತೆರೆಯುವ ಮೊದಲು ಅದನ್ನು ಆರಿಸಬೇಕು, ಮಾತು ಮುಗಿದ ಮೇಲೆ ಹಾಕಬೇಕು. ದಿನಕ್ಕೆ ಇನ್ನೂರು ಸಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಹೀಗೆ ಬೆವರುತ್ತ, ಒರೆಸಿಕೊಳ್ಳುತ್ತ, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಹೇಳುತ್ತಿದ್ದಳು. ಮಾತು ಕಂಚಿನ ಪಾತ್ರೆಗೆ ಬಡಿದ ಹಾಗೆ ಸ್ಪಷ್ಟ. ಮೈಕಕ್ಕನ ಮಾತು ಕೇಳಿ ತಪ್ಪು ಬಸ್ಸು ಹತ್ತಿದೆ ಎಂದು ಹದಿನಾಲ್ಕು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿರಲಿಲ್ಲ.

ಕೋಪ ಮಾತ್ರ ಮೂಗಿನ ತುದಿಯಲ್ಲೇ. ಮನೆಯಲ್ಲಿ ಅತ್ತೆ ಹೇಳುತ್ತಿದ್ದರು, "ನಮ್ಮ ಸೊಸೆಗೆ ಹಾಲು ಉಕ್ಕಿದ್ರೆ ಒಲೆ ಮೇಲಲ್ಲ, ಹಾಲಿನ ಮೇಲೇ ಕೋಪ." ಅತ್ತೆಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಅರ್ಧ ಮಂದ. ಆದರೂ ಸೊಸೆಯ ಮಾತು ಯಾವ ಕೋಣೆಯಿಂದ ಬಂದರೂ ಅವರಿಗೆ ಕೇಳುತ್ತಿತ್ತು. "ಭಗವಂತ ನನ್ನ ಕಿವಿ ನೋಡಿಯೇ ಇವಳ ಗಂಟಲು ಮಾಡಿದಾನೆ" ಎಂದು ನೆರೆಯವರ ಹತ್ತಿರ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ನಿಲ್ದಾಣದ ಮ್ಯಾನೇಜರ್ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಇನ್ನು ಮುಂದೆ ಪ್ರತಿ ಪ್ರಕಟಣೆಯನ್ನೂ ಇಂಗ್ಲಿಷಿನಲ್ಲೂ ಒಮ್ಮೆ ಹೇಳಬೇಕು ಎಂಬ ಆದೇಶ. ಹತ್ತು ಸಾಲುಗಳನ್ನು ಯಾರೋ ಟೈಪು ಮಾಡಿ ಕೊಟ್ಟಿದ್ದರು. ಮೈಕಕ್ಕ ಫ್ಯಾನ್ ಆರಿಸಿ ಓದಿದಳು. ಓದುವಾಗ ಗಾಜಿನಾಚೆ, ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ, ಕಾಲೇಜು ಹುಡುಗಿಯರ ಒಂದು ಗುಂಪು ಕಾಣಿಸಿತು. ಹಸಿರು ಚೀಲದವಳೊಬ್ಬಳು ಮೈಕು ಹಿಡಿದ ಹಾಗೆ ಮುಷ್ಟಿಯನ್ನು ಬಾಯಿಗೆ ತಂದು ಏನೋ ಹೇಳಿದಳು, ಉಳಿದವರು ಬಗ್ಗಿ ಬಗ್ಗಿ ನಕ್ಕರು. ಗಾಜಿನ ಈಚೆಗೆ ಸದ್ದು ಬರಲಿಲ್ಲ. ಆದರೆ ತುಟಿಗಳ ಆಕಾರ ನೋಡಿದರೆ ಸಾಕಿತ್ತು. "ವೊನ್ಲಿ, ವೊನ್ಲಿ" ಎನ್ನುತ್ತಿದ್ದಳು ಹುಡುಗಿ.

ಮೈಕಕ್ಕ ಹಾಳೆ ಕೆಳಗಿಟ್ಟು ಮನೆಮಾತಿನಲ್ಲಿ ಹೇಳಿದಳು, "ಪ್ರಯಾಣಿಕರು ದಯವಿಟ್ಟು ಗಮನಿಸಬೇಕು. ಪ್ಲಾಟ್‌ಫಾರ್ಮ್ ನಾಲ್ಕರಲ್ಲಿ ಅಣಕಿಸುತ್ತಾ ನಿಂತಿರುವ ಹಸಿರು ಚೀಲದವರ ಬಸ್ಸು ಈಗಷ್ಟೇ ಪ್ಲಾಟ್‌ಫಾರ್ಮ್ ಆರರಿಂದ ಹೊರಟಿದೆ."

ಆ ಹುಡುಗಿಯರು ದಿನವೂ ಹತ್ತುವ ಬಸ್ಸು ನಿಜವಾಗಿಯೂ ಹೊರಟಿತ್ತು. ಇಡೀ ನಿಲ್ದಾಣ ನಕ್ಕಿತು. ಮ್ಯಾನೇಜರ್ ಮೆಮೊ ಕೊಟ್ಟರು. ಮೈಕಕ್ಕ ಅದನ್ನು ಮಡಿಸಿ ಚೀಲಕ್ಕೆ ತುರುಕಿಕೊಂಡಳು. ಆದರೆ ನಗಿಸಿ ಗೆದ್ದೆ ಎಂಬ ಸಮಾಧಾನ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು ಎನ್ನುವುದೇ ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ತಪ್ಪಿಗೆ ನಗೆಪಾಟಲಾದದ್ದು ಮುಳ್ಳಿನ ಹಾಗೆ ಚುಚ್ಚಿತು.

ಮುಂದಿನ ತಿಂಗಳೇ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಅರ್ಜಿ ಹಾಕಿದಳು. ಪಿಯುಸಿ ಪಾಸಾಗಿ ಹದಿನೆಂಟು ವರ್ಷವಾಗಿತ್ತು.

"ಡಿಗ್ರಿ ಮಾಡ್ತೀಯಾ? ಇಂಗ್ಲಿಷಲ್ಲಾ?" ಗಂಡ ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದ.

"ಇಂಗ್ಲಿಷು ಮತ್ತೆ ಭಾಷಾವಿಜ್ಞಾನ."

"ಮಾತಾಡೋದ್ರಲ್ಲಿ ವಿಜ್ಞಾನ ಬೇರೆ ಇದ್ಯಾ?"

"ನಿಮ್ಮ ಗೇರ್ ಬಾಕ್ಸಲ್ಲಿ ಇಲ್ವಾ? ಹಾಗೇ ಬಾಯಲ್ಲೂ ಇದೆ. ಬಿಚ್ಚಿ ನೋಡೋಣ ಅಂತ."

ಈ ಮಾತು ಗಂಡನಿಗೆ ಒಪ್ಪಿತವಾಯಿತು. ಬಿಚ್ಚಿ ನೋಡುವ ಕೆಲಸವೆಂದರೆ ಅವನಿಗೆ ಗೌರವ. ಅವತ್ತಿನಿಂದ ಸಂಜೆಯ ಅಡಿಗೆ ಅವನ ಪಾಲಿಗೆ ಬಂತು.

ಕ್ಲಾಸು ಆರರಿಂದ ಎಂಟು. ಎರಡನೇ ಮಹಡಿ, ಒಂದು ಕಾಲು ಕುಂಟುವ ಬೆಂಚುಗಳು, ಮೂವತ್ತನಾಲ್ಕು ವಿದ್ಯಾರ್ಥಿಗಳು. ಹೆಚ್ಚಿನವರು ಆಕೆಯ ಅರ್ಧ ವಯಸ್ಸಿನವರು. ಧ್ವನಿಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರಿಗೆ ವಿದ್ಯಾರ್ಥಿಗಳು 'ನಾಲಿಗೆ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಬಲಗೈ ತೋಳಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ. ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಮನುಷ್ಯನ ಬಾಯಿಯನ್ನು ಕೊಯ್ದು ಇಟ್ಟ ಹಾಗೆ ಬರೆಯುತ್ತಿದ್ದರು. ಇದು ಹಲ್ಲು, ಇದು ಅಂಗುಳ, ಇದು ಕಿರುನಾಲಿಗೆ. ಇಲ್ಲಿ ನಾಲಿಗೆ ತಾಗಿದರೆ ಈ ಸದ್ದು, ಅಲ್ಲಿ ತಾಗಿದರೆ ಆ ಸದ್ದು. ಹದಿನಾಲ್ಕು ವರ್ಷ ತಾನು ಬಳಸಿದ ಯಂತ್ರದ ನಕ್ಷೆಯನ್ನು ಮೈಕಕ್ಕ ಮೊದಲ ಸಲ ಕಂಡಳು.

ಮೊದಲ ವರ್ಷದ ಮೂರನೇ ವಾರ ಪ್ರೊಫೆಸರ್ ಹೇಳಿದ ಮಾತೊಂದನ್ನು ಆಕೆ ಹಾಗೇ ಬರೆದುಕೊಂಡು ಎರಡು ಗೆರೆ ಎಳೆದಳು. "ಕೀಳು ಭಾಷೆ ಅಂತ ಒಂದಿಲ್ಲ. ಕೀಳು ಉಚ್ಚಾರಣೆ ಅಂತಲೂ ಇಲ್ಲ. ಜನ ಹೇಗೆ ಮಾತಾಡ್ತಾರೋ ಅದನ್ನ ಬರೆದಿಡೋದು ನಮ್ಮ ಕೆಲಸ. ಹಾಗೆ ಮಾತಾಡಬಾರದು ಅನ್ನೋದು ವಿಜ್ಞಾನದ ಮಾತಲ್ಲ, ದರ್ಪದ ಮಾತು."

ಆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದ ಮೈಕಕ್ಕನ ಕಣ್ಣು ಒದ್ದೆಯಾಗಿತ್ತು. ದುಃಖದ ನೀರಲ್ಲ ಅದು. ನಾಲ್ಕನೇ ಕ್ಲಾಸಿನ ಟೀಚರಿನಿಂದ ಹಿಡಿದು ಹಸಿರು ಚೀಲದವಳವರೆಗೆ ನಕ್ಕವರೆಲ್ಲ ಸಾಲಾಗಿ ನೆನಪಾಗಿ, ಅಷ್ಟೂ ಜನರ ಮೇಲೆ ಒಟ್ಟಿಗೇ ಸಿಟ್ಟು ಬಂದಿತ್ತು.

ಆಕೆ ಓದಿದ್ದು ಹಸಿದವರು ಉಣ್ಣುವ ಹಾಗೆ. ಬೆಳಿಗ್ಗೆ ಕನ್ನಡಿಯ ಮುಂದೆ ತೆಳ್ಳನೆಯ ಕಾಗದದ ಚೂರೊಂದನ್ನು ತುಟಿಯೆದುರು ಹಿಡಿದು 'ಪ', 'ಫ', 'ಬ' ಎನ್ನುತ್ತ, ಯಾವುದಕ್ಕೆ ಕಾಗದ ಅಲುಗುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡುತ್ತಿದ್ದಳು. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಬಾಯಿ ಸುಟ್ಕೊಂಡ್ಯೇನೇ? ತಣ್ಣೀರು ಕುಡಿ" ಎಂದರು. ತನ್ನ ಮನೆಮಾತಿನವರು ಇಂಗ್ಲಿಷ್ ಆಡುವಾಗ ಏನೇನು ಮಾಡುತ್ತಾರೆ ಎನ್ನುವುದೂ ಈಗ ತಿಳಿಯಿತು. ಎ ಇಂದ ಶುರುವಾಗುವ ಪದಕ್ಕೆ ಮುಂದೊಂದು ಯಕಾರ ಅಂಟುತ್ತದೆ, ಎಗ್ಜಾಂಪಲ್ ಹೋಗಿ ಯೆಗ್ಜಾಂಪಲ್ ಆಗುತ್ತದೆ. ಓ ಇಂದ ಶುರುವಾದರೆ ವಕಾರ, ಓನ್ಲಿ ಹೋಗಿ ವೊನ್ಲಿ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರದ ಬಾಲ, ಬಸ್ ಹೋಗಿ ಬಸ್ಸು. ಇನ್ನು ಇಂಗ್ಲಿಷಿನಲ್ಲಿ ವಕಾರ ಎರಡು: ಒಂದನ್ನು ತುಟಿ ದುಂಡಗೆ ಮಾಡಿ ಹೇಳಬೇಕು, ಇನ್ನೊಂದನ್ನು ಕೆಳತುಟಿಗೆ ಹಲ್ಲು ತಾಗಿಸಿ ಹೇಳಬೇಕು. ನಮ್ಮಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ಅಕ್ಷರ. ಹಸಿರು ಚೀಲದವಳು ನಕ್ಕದ್ದು ಇಷ್ಟಕ್ಕೆ!

ಎರಡು ವರ್ಷ ಎಲ್ಲ ಪೇಪರುಗಳಲ್ಲೂ ಎಪ್ಪತ್ತರ ಮೇಲೆ ಬಂತು. ಮೂರನೇ ವರ್ಷದ ಕೊನೆಗೆ ಮೌಖಿಕ ಪರೀಕ್ಷೆ. ಇಬ್ಬರು ಪರೀಕ್ಷಕರು ಇರಬೇಕೆಂಬುದು ನಿಯಮ. ಹೊರಗಿನವರು ಬರಲಿಲ್ಲ. ನಾಲಿಗೆ ಮೇಷ್ಟ್ರು ಒಬ್ಬರೇ ರೆಕಾರ್ಡರಿನ ಗುಂಡಿ ಒತ್ತಿ ಪ್ರಶ್ನೆ ಕೇಳಿದರು. ಹದಿನೆಂಟು ನಿಮಿಷ. ಮೈಕಕ್ಕ ಒಂದಕ್ಕೂ ತಡವರಿಸಲಿಲ್ಲ. ಒಮ್ಮೆಯಂತೂ ಅವರೇ ಮರೆತ ಪಾರಿಭಾಷಿಕ ಪದವನ್ನು ಈಕೆ ನೆನಪಿಸಿದಳು. ಹೊರಗೆ ಬಂದು, "ಅರವತ್ತು ಗ್ಯಾರಂಟಿ" ಎಂದು ಗಂಡನಿಗೆ ಫೋನು ಮಾಡಿದಳು.

ನೋಟೀಸು ಬೋರ್ಡಿನಲ್ಲಿ ಬಂದದ್ದು ನೂರಕ್ಕೆ ಮೂವತ್ತೊಂದು. ಪಾಸಾಗಲು ನಲವತ್ತು ಬೇಕಿತ್ತು.

ಮೈಕಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಅಡ್ಡಕ್ಕೂ ಉದ್ದಕ್ಕೂ ಮೂರು ಸಲ ನೋಡಿದಳು. ಸಾಲು ತಪ್ಪಿರಲಿಲ್ಲ. ಪರೀಕ್ಷಾ ಕಚೇರಿಯಲ್ಲಿ ಅರ್ಜಿ ಕೊಟ್ಟು, ನಾಲ್ಕು ದಿನ ಅಲೆದು, ಅಂಕ ಹಾಕಿದ ಹಾಳೆಯ ನಕಲು ಪಡೆದಳು. ಕೆಳಗೆ ಪ್ರೊಫೆಸರರ ದುಂಡಗಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಮೂರು ವಾಕ್ಯ: ವಿಷಯ ಚೆನ್ನಾಗಿ ತಿಳಿದಿದೆ. ಉಚ್ಚಾರಣೆ ಬಸ್ ಸ್ಟ್ಯಾಂಡಿನದು. ಇಂಗ್ಲಿಷ್ ಪದವಿಗೆ ತಕ್ಕುದಲ್ಲ.

ಹಾಳೆಯನ್ನು ಹಿಡಿದುಕೊಂಡೇ ಎರಡನೇ ಮಹಡಿ ಹತ್ತಿದಳು. ಪ್ರೊಫೆಸರರ ಕೋಣೆಯ ಬಾಗಿಲು ತೆರೆದಿತ್ತು. ಅವರು ಊಟದ ಡಬ್ಬಿ ಮುಚ್ಚುತ್ತಿದ್ದರು.

"ಸರ್, ಇದು ನೀವು ಬರ್ದಿದ್ದಾ?"

ಅವರು ಕನ್ನಡಕ ಏರಿಸಿ ನೋಡಿದರು. "ಹೌದಮ್ಮ. ಬೇಜಾರು ಮಾಡ್ಕೋಬೇಡಿ. ನೀವು ಬುದ್ಧಿವಂತರು. ಆರು ತಿಂಗಳು ಉಚ್ಚಾರಣೆ ಮೇಲೆ ಕೆಲಸ ಮಾಡಿ, ಮತ್ತೆ ಬನ್ನಿ."

"ಕೀಳು ಉಚ್ಚಾರಣೆ ಅಂತ ಇಲ್ಲ ಅಂದಿದ್ರಿ ಸರ್. ಮೊದಲನೇ ವರ್ಷ, ಮೂರನೇ ವಾರ."

"ಅಂದಿದ್ದೆ. ಅದು ಭಾಷಾವಿಜ್ಞಾನ. ಇದು ಪರೀಕ್ಷೆ."

"ಅಂದ್ರೆ?"

"ಅಂದ್ರೆ, ಶಾಸ್ತ್ರ ಬೇರೆ, ಲೋಕ ಬೇರೆ. ನಾಳೆ ನೀವು ನಮ್ಮ ಪದವಿ ಹಿಡ್ಕೊಂಡು ಎಲ್ಲೋ ಹೋಗಿ ಬಾಯಿ ಬಿಟ್ರೆ ಜನ ಕೇಳೋದು ನಮ್ಮನ್ನ. ಯಾರು ಇವ್ರಿಗೆ ಡಿಗ್ರಿ ಕೊಟ್ಟೋರು ಅಂತ."

"ಹಾಗಿದ್ರೆ ಅವತ್ತೇ ಹೇಳ್ಬೇಕಿತ್ತು ಸರ್, ನಾನು ಹೇಳೋದು ಬರೀ ಹೇಳೋಕೆ, ನಂಬೋಕಲ್ಲ ಅಂತ. ಬರ್ಕೋತಾನೇ ಇರ್ಲಿಲ್ಲ."

"ದನಿ ಏರಿಸ್ಬೇಡಿ. ಇದು ಬಸ್ ಸ್ಟ್ಯಾಂಡಲ್ಲ."

ಬಾಯಿಗೆ ಬಂದದ್ದನ್ನು ಮೈಕಕ್ಕ ಹಲ್ಲು ಕಚ್ಚಿ ತಡೆದಳು. ಆಡಿದ್ದರೆ ಅವಳ ತಪ್ಪಾಗಿ ಅದೇ ಉಳಿಯುತ್ತಿತ್ತು, ಅವರ ಮೂರು ವಾಕ್ಯ ಅಳಿದುಹೋಗುತ್ತಿತ್ತು. ಸುಮ್ಮನೆ ಮೆಟ್ಟಿಲು ಇಳಿದಳು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆಯನ್ನು ಎಷ್ಟೋ ಜನರ ಬಗ್ಗೆ ಆಡಿದ್ದಳು. ತಾನು ಕಣ್ಣು ಮುಚ್ಚಿ ನಂಬಿದ ಒಬ್ಬನೇ ಒಬ್ಬ ಮನುಷ್ಯನಿಗೆ ಅದು ಹೊಂದಿಕೊಂಡದ್ದು ಇದೇ ಮೊದಲು.

ಮನೆಯಲ್ಲಿ ಆ ಸಂಜೆ ಪಾತ್ರೆಗಳ ಸದ್ದು ಅತ್ತೆಯ ಕಿವಿಗೂ ಬಿತ್ತು.

"ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣೇ. ಮೇಷ್ಟ್ರನ್ನ ಎದುರು ಹಾಕ್ಕೋಬೇಡ. ಇನ್ನೊಂದ್ಸಲ ಬರೆದ್ರೆ ಆಯ್ತು."

"ಏನು ಬರೀಲಿ ಅತ್ತೆ? ಕೈಯಲ್ಲಿ ಬರೆಯೋ ಪರೀಕ್ಷೆ ಅಲ್ಲ ಅದು. ಬಾಯಿದು. ಇನ್ನೊಂದು ಬಾಯಿ ಎಲ್ಲಿಂದ ತರ್ಲಿ?"

ಗಂಡ ಅನ್ನ ಬಡಿಸುತ್ತಿದ್ದವನು ನಿಲ್ಲಿಸಿ ಕೇಳಿದ, "ಆ ರೆಕಾರ್ಡಿಂಗ್ ಇನ್ನೂ ಇದ್ಯಾ?"

"ಇರುತ್ತೆ. ವರ್ಷಗಟ್ಟಲೆ ಇಡ್ತಾರೆ."

"ಮತ್ತೆ? ಇಂಜಿನ್ ಕೆಟ್ಟಿದೆ ಅಂತ ಯಾರಾದ್ರೂ ಅಂದ್ರೆ ನಾವು ಸ್ಟಾರ್ಟ್ ಮಾಡಿ ಕೇಳ್ತೀವಿ."

ನಿಯಮಾವಳಿಯ ಪುಸ್ತಕ ತರಿಸಿ ಓದಿದಳು. ಫೇಲಾದ ವಿದ್ಯಾರ್ಥಿ ತನ್ನ ಮೌಖಿಕ ಪರೀಕ್ಷೆಯ ರೆಕಾರ್ಡಿಂಗನ್ನು ಭಾಷಾ ಪ್ರಯೋಗಾಲಯದಲ್ಲಿ ಕೂತು ಕೇಳಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಮೇಲ್ಮನವಿ ಸಲ್ಲಿಸಬಹುದು ಎಂದು ಮೂವತ್ತೇಳನೇ ಪುಟದಲ್ಲಿತ್ತು. ಆ ಪುಟವನ್ನು ಹಿಂದೆ ಯಾರೂ ಬಳಸಿದಂತಿರಲಿಲ್ಲ. ಪ್ರಯೋಗಾಲಯದ ಅಟೆಂಡರಿಗೂ ಅದು ಗೊತ್ತಿರಲಿಲ್ಲ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಬಾಗಿಲಿಗೆ ಬೀಗ ಹಾಕುವುದರಲ್ಲೇ ಜೀವನದ ಸುಖ ಕಂಡಿದ್ದ ಮನುಷ್ಯ ಆತ.

"ಕೇಳೋದಾ? ಫೇಲಾದೋರು ಕೇಳಿ ಏನಮ್ಮ ಮಾಡ್ತಾರೆ? ಗಾಯಕ್ಕೆ ಉಪ್ಪು ಹಾಕ್ಕೊಂಡ ಹಾಗೆ."

"ನನ್ನ ಗಾಯ, ನನ್ನ ಉಪ್ಪು. ಬಾಗಿಲು ತೆಗೀರಿ ಅಣ್ಣ."

ಒಂಬತ್ತು ಮಧ್ಯಾಹ್ನ, ಮೂರರಿಂದ ಐದು, ಮೈಕಕ್ಕ ಆ ಕೋಣೆಯಲ್ಲಿ ಕೂತಳು. ಕಿವಿಗೆ ಹೆಡ್‌ಫೋನು, ಮುಂದೆ ನೋಟು ಪುಸ್ತಕ, ಕೈಯಲ್ಲಿ ಪೆನ್ಸಿಲು. ನಾಲಿಗೆ ಮೇಷ್ಟ್ರೇ ಕಲಿಸಿದ ಧ್ವನಿಲಿಪಿಯಲ್ಲಿ, ಒಂದೊಂದು ಸದ್ದಿಗೆ ಒಂದೊಂದು ಗುರುತು ಹಾಕುತ್ತ, ಮೊದಲು ತನ್ನ ಮಾತನ್ನು ಬರೆದಳು. ಅದು ಸುಖದ ಕೆಲಸವಾಗಿರಲಿಲ್ಲ. ವೊನ್ಲಿ ಎಂದದ್ದು ಕೇಳಿಸಿತು. ಫಿಲ್ಮು ಎಂದದ್ದು ಕೇಳಿಸಿತು. ಪ್ರತಿ ಸಲವೂ ಕೆನ್ನೆ ಬಿಸಿಯಾಗುತ್ತಿತ್ತು, ಮರುಕ್ಷಣ ಯಾಕೆ ಬಿಸಿಯಾಗಬೇಕು ಎಂದು ತನ್ನ ಕೆನ್ನೆಯ ಮೇಲೇ ಸಿಟ್ಟು ಬರುತ್ತಿತ್ತು. ಆದರೂ ಒಂದನ್ನೂ ಬಿಡಲಿಲ್ಲ, ಒಂದನ್ನೂ ಒಳ್ಳೆಯದು ಮಾಡಿ ಬರೆಯಲಿಲ್ಲ.

ನಾಲ್ಕನೇ ದಿನ ತನ್ನ ಉತ್ತರವೊಂದನ್ನು ಹಿಂದಕ್ಕೆ ತಿರುಗಿಸುವಾಗ ಗುಂಡಿಯನ್ನು ಸ್ವಲ್ಪ ಜಾಸ್ತಿ ಹೊತ್ತು ಒತ್ತಿಬಿಟ್ಟಳು. ಪ್ರೊಫೆಸರರ ಪ್ರಶ್ನೆ ಕೇಳಿಸಿತು. "ಗಿವ್ ವೊನ್ಲಿ ವನ್ ಯೆಗ್ಜಾಂಪಲ್."

ಮೈಕಕ್ಕ ಪೆನ್ಸಿಲು ಕೆಳಗಿಟ್ಟಳು. ಮತ್ತೆ ಕೇಳಿದಳು. ಮತ್ತೊಮ್ಮೆ. ಹೆಡ್‌ಫೋನು ತೆಗೆದು ಅಟೆಂಡರಿನ ಕಡೆ ನೋಡಿದಳು. ಆತ ತೂಕಡಿಸುತ್ತಿದ್ದ. ಮೂರು ವರ್ಷ ಅವರ ಕ್ಲಾಸಿನಲ್ಲಿ ಕೂತಿದ್ದರೂ ಇದು ಕೇಳಿಸಿರಲಿಲ್ಲ. ಹೇಗೆ ಕೇಳಿಸೀತು? ಅದು ಅವಳದೇ ಮಾತಿನ ಹಾಗಿತ್ತು.

ಉಳಿದ ಐದು ದಿನ ಅವರ ಮಾತನ್ನು ಬರೆದಳು. ಆಮೇಲೆ ಇಬ್ಬರೂ ಹೇಳಿದ ಪದಗಳನ್ನು ಮಾತ್ರ ಆರಿಸಿದಳು. ಇಪ್ಪತ್ತಾರು ಸಿಕ್ಕವು. ಎರಡು ವಕಾರ ಬೇರೆ ಮಾಡಬೇಕಾದ ಪದ ಹದಿಮೂರು. ಅದರಲ್ಲಿ ಪ್ರೊಫೆಸರ್ ತಪ್ಪಿದ್ದು ಹನ್ನೊಂದು, ಆಕೆ ಏಳು. ಯಕಾರ, ವಕಾರ ಮುಂದೆ ಅಂಟಿಸಬಾರದ ಪದ ಏಳು. ಅವರು ಅಂಟಿಸಿದ್ದು ಆರಕ್ಕೆ, ಆಕೆ ನಾಲ್ಕಕ್ಕೆ. ಬಾಲದ ಉಕಾರದಲ್ಲಿ ಮಾತ್ರ ಆಕೆಯದೇ ಹೆಚ್ಚು: ಆರರಲ್ಲಿ ಐದು, ಅವರದು ಎರಡು. ಅದನ್ನೂ ಹಾಗೇ ಬರೆದಳು. ಸುಳ್ಳು ಬೆರೆಸುವ ಗರಜು ಇರಲಿಲ್ಲ. ಕೋಪ ಆಕೆಯನ್ನು ಹಿಂದೆಂದೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.

ಮೇಲ್ಮನವಿಯ ಜೊತೆ ಇಡುವ ಕಾಗದಗಳಲ್ಲಿ ಯಾರ ಹೆಸರೂ ಇರಕೂಡದೆಂದು ನಿಯಮವಿತ್ತು. ಆದ್ದರಿಂದ ಎರಡು ಸಾಲುಗಳಿಗೆ 'ಮಾತುಗಾರ ಒಂದು', 'ಮಾತುಗಾರ ಎರಡು' ಎಂದು ತಲೆಬರಹ ಕೊಟ್ಟಳು.

ಎರಡು ತಿಂಗಳ ನಂತರ ಸಮಿತಿ ಕರೆಯಿತು. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಪರೀಕ್ಷಾಧಿಕಾರಿ. ಅವರ ಎಡಕ್ಕೆ ಇತಿಹಾಸ ವಿಭಾಗದವರೊಬ್ಬರು, ಅವರು ಕೊನೆಯವರೆಗೂ ಬಾಯಿ ತೆರೆಯಲಿಲ್ಲ. ಬಲಕ್ಕೆ ಬೇರೊಂದು ಕಾಲೇಜಿನ ಹಿರಿಯ ಇಂಗ್ಲಿಷ್ ಅಧ್ಯಾಪಕಿ, ಬೆಳ್ಳಗಿನ ಕೂದಲು, ಧ್ವನಿಲಿಪಿಯನ್ನು ಪತ್ರಿಕೆಯ ಹಾಗೆ ಸರಾಗ ಓದುವವರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಾಲಿಗೆ ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಹಿರಿಯ ಅಧ್ಯಾಪಕಿ ಹಾಳೆ ಎತ್ತಿಕೊಂಡರು. ಮೊದಲ ಸಾಲಿನ ಉದ್ದಕ್ಕೂ ಪೆನ್ನು ಇಳಿಸಿದರು. ದನಿಯಲ್ಲಿ ಕರುಣೆ ಇತ್ತು.

"ನೋಡಮ್ಮ, ನೀವೇ ಪ್ರಾಮಾಣಿಕವಾಗಿ ಬರ್ಕೊಂಡಿದೀರಿ, ಮೆಚ್ಚಿದೆ. ಆದ್ರೆ ನೀವೇ ನೋಡಿ. ವೊನ್ಲಿ, ಯೆಗ್ಜಾಂಪಲ್, ಎರಡು ವಕಾರಕ್ಕೂ ವ್ಯತ್ಯಾಸವೇ ಇಲ್ಲ. ಈ ಮೊದಲನೇ ಸಾಲು ನೋಡಿದ್ರೆ ನಿಮ್ಮ ಪರೀಕ್ಷಕರು ಯಾಕೆ ಹಾಗೆ ಬರೆದ್ರು ಅಂತ ಅರ್ಥ ಆಗತ್ತೆ, ಅಲ್ವಾ?"

"ಅದು ನಾನಲ್ಲ ಮೇಡಂ."

"ಏನಂದ್ರಿ?"

"ಮೊದಲನೇ ಸಾಲು ನಾನಲ್ಲ. ಎರಡನೇದು ನಾನು."

ಹಿರಿಯ ಅಧ್ಯಾಪಕಿ ಹಾಳೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಪರೀಕ್ಷಾಧಿಕಾರಿ ತಮ್ಮ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಕಿಟಕಿಯ ಪಕ್ಕದವರು ಕಾಲು ಕೆಳಗಿಳಿಸಿದರು.

"ಇದು ಅವಮಾನ," ಎಂದರು ಪ್ರೊಫೆಸರ್. ದನಿ ತೆಳುವಾಗಿತ್ತು. "ಇಪ್ಪತ್ತೆಂಟು ವರ್ಷದ ನನ್ನ ಸೇವೆಗೆ ಮಾಡಿದ ಅವಮಾನ. ನನ್ನ ಅನುಮತಿ ಇಲ್ದೇ ನನ್ನ ಮಾತನ್ನ..."

"ಅವಮಾನ ಏನಿದೆ ಸರ್ ಇದರಲ್ಲಿ?" ಮೈಕಕ್ಕ ಎದ್ದು ನಿಂತಳು. ದನಿ ಏರಿತು. ಏರಲಿ ಎಂದೇ ಬಿಟ್ಟಳು. "ನೀವು ಮಾತಾಡೋದ್ರಲ್ಲಿ ಒಂದು ತಪ್ಪೂ ಇಲ್ಲ. ಹಾಗಂತ ನೀವೇ ಕಲಿಸಿದ್ದು, ನಾನು ಇವತ್ತಿಗೂ ನಂಬ್ತೀನಿ. ಈ ಹಾಳೆಯಿಂದ ಗೊತ್ತಾಗೋದು ಇಷ್ಟೇ. ನಿಮ್ಮಮ್ಮ, ನಮ್ಮಮ್ಮ ಒಂದೇ ಥರ ಮಾತಾಡ್ತಿದ್ರು. ಅದೇ ಮಾತಿಗೆ ನಿಮಗೆ ಪ್ರೊಫೆಸರ್ ಅಂತಾರೆ, ನನಗೆ ಬಸ್ ಸ್ಟ್ಯಾಂಡ್ ಅಂತಾರೆ. ಯಾಕೆ ಅಂತ ಕೇಳೋಕೆ ಬಂದಿದೀನಿ. ಅಷ್ಟೇ."

ಹಿರಿಯ ಅಧ್ಯಾಪಕಿ ತಲೆ ತಗ್ಗಿಸಿ, "ಕೂತ್ಕೊಳ್ಳಿ" ಎಂದರು. ಆಮೇಲೆ, ಇನ್ನೂ ಮೆಲ್ಲಗೆ, "ನಾನೂ ಹಾಗಂದುಬಿಟ್ಟೆ. ಕ್ಷಮಿಸಿ" ಎಂದರು. ಇಡೀ ಪ್ರಕರಣದಲ್ಲಿ ಯಾರಾದರೂ ಆ ಪದ ಬಳಸಿದ್ದು ಅದೊಂದೇ ಸಲ.

ಹೊರಗೆ ಬಂದಾಗ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಪ್ರೊಫೆಸರರ ಮುಖ ಕಣ್ಣ ಮುಂದೆಯೇ ಇತ್ತು. ಆ ಮುಖದ ಬಿಳಿಚು ಅವಳಿಗೆ ಗೊತ್ತಿತ್ತು. ಅವಳೂ ಹಸಿರು ಚೀಲದವಳೆದುರು ಅದೇ ಮುಖ ಹೊತ್ತಿದ್ದಳು. ಈ ಮನುಷ್ಯನನ್ನು ನೋಡಿಯೂ ಎಂದೋ, ಎಲ್ಲೋ, ಯಾರೋ ನಕ್ಕಿರಬೇಕು. ನಕ್ಕವರ ಮೇಲೆ ತಿರುಗಿ ಬೀಳುವ ಬದಲು ಅವರ ಸಾಲಿಗೆ ಹೋಗಿ ನಿಂತು ತನ್ನ ಕಡೆ ಬೆರಳು ತೋರಿಸಿದನಲ್ಲ ಎಂದು ಯೋಚಿಸಿದಾಗ ಕನಿಕರ ಹುಟ್ಟಲಿಲ್ಲ. ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಗೊತ್ತಿಲ್ಲದವರು ಚುಚ್ಚಿದರೆ ತಡೆದುಕೊಳ್ಳಬಹುದು, ನೋವು ಗೊತ್ತಿದ್ದವನೇ ಚುಚ್ಚಿದನಲ್ಲ.

ಸಮಿತಿ ಮರುಪರೀಕ್ಷೆ ಎಂದಿತು. ಮೈಕಕ್ಕ ಒಪ್ಪಲಿಲ್ಲ. "ಪರೀಕ್ಷೆ ನಾನು ಕೊಟ್ಟಾಗಿದೆ. ರೆಕಾರ್ಡಿಂಗ್ ಇದೆ. ನೀವು ಕೇಳಿ" ಎಂದು ಬರೆದು ಕೊಟ್ಟಳು. ಇಬ್ಬರ ಬದಲು ಒಬ್ಬರೇ ಪರೀಕ್ಷಕರಿದ್ದದ್ದು ಲೋಪವೆಂದು ಅವರಿಗೂ ಒಂದು ನೆಪ ಸಿಕ್ಕಿತು. ಹೊರಗಿನ ಇಬ್ಬರು ರೆಕಾರ್ಡಿಂಗ್ ಕೇಳಿ ಅರವತ್ತಮೂರು ಕೊಟ್ಟರು. ಏಳು ತಿಂಗಳು ತಡವಾಗಿ, ಕಂದು ಲಕೋಟೆಯಲ್ಲಿ, ವಿಶ್ವವಿದ್ಯಾಲಯದ ಪತ್ರ ನಿಲ್ದಾಣದ ವಿಳಾಸಕ್ಕೆ ಬಂತು.

ಮೈಕಕ್ಕ ಗಾಜಿನ ಕೋಣೆಯಲ್ಲೇ ಒಡೆದು ಓದಿದಳು. "ವಿದ್ಯಾರ್ಥಿನಿಯ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಿ, ತೇರ್ಗಡೆಯಾಗಿರುವುದಾಗಿ ಘೋಷಿಸಲಾಗಿದೆ."

ಕೆಳಗೆ ಬಂದರಿಗೆ ಹೋಗುವ ಬಸ್ಸು ಹಾರ್ನು ಹೊಡೆಯುತ್ತಿತ್ತು. ಪ್ರಕಟಣೆ ಮಾಡಿದಳು, ಫ್ಯಾನ್ ಹಾಕಿದಳು, ಪತ್ರವನ್ನು ಮತ್ತೆ ಓದಿದಳು. ಕೆನ್ನೆ ಕೆಂಪಾಯಿತು. ಎರಡಕ್ಕೆ ಪಾಳಿ ಮುಗಿದದ್ದೇ ವಿಶ್ವವಿದ್ಯಾಲಯದ ಬಸ್ಸು ಹತ್ತಿದಳು.

ಪರೀಕ್ಷಾಧಿಕಾರಿ ನಗುನಗುತ್ತ, "ಬನ್ನಿ ಬನ್ನಿ, ಅಭಿನಂದನೆ" ಎಂದರು.

"ಸರ್, ಈ ಪದ ತೆಗೀಬೇಕು."

"ಯಾವ ಪದ?"

"ಸಹಾನುಭೂತಿ."

ಅವರು ಪತ್ರ ತೆಗೆದುಕೊಂಡು ನೋಡಿದರು. "ಇದು ನಮ್ಮ ಮಾಮೂಲಿ ಒಕ್ಕಣೆ ಅಮ್ಮ. ಎಲ್ರಿಗೂ ಹೀಗೇ ಹಾಕ್ತೀವಿ. ಪಾಸಾಗಿದೆಯಲ್ಲ, ಒಂದು ಪದ ತಾನೇ, ಬಿಡಿ."

"ಬಿಡಲ್ಲ ಸರ್. ನಾನು ಬೇಡ್ಕೊಂಡು ಬಂದಿಲ್ಲ. ಲೆಕ್ಕ ಇಟ್ಟು, ಬರೆದು, ತೋರ್ಸಿದೀನಿ. ನೀವು ಅದನ್ನ ಒಪ್ಪಿದೀರಿ. ಅದಕ್ಕೆ 'ಪರಿಶೀಲಿಸಿ' ಅಂತಾರೆ. ಸಹಾನುಭೂತಿ ಅಂದ್ರೆ ನಾನು ಫೇಲೇ, ನೀವು ಅಯ್ಯೋ ಪಾಪ ಅಂದ್ರಿ ಅಂತ."

"ನೀವು ಅರ್ಥವನ್ನ ತುಂಬಾ ಎಳೀತಿದೀರಿ."

"ಅದನ್ನೇ ಸರ್ ಮೂರು ವರ್ಷ ಇಲ್ಲಿ ಕಲ್ತಿದ್ದು. ಬಸ್ ಸ್ಟ್ಯಾಂಡು ಅನ್ನೋ ಒಂದು ಪದದಿಂದಲೇ ಅಲ್ವಾ ನೀವು ನನ್ನ ಫೇಲ್ ಮಾಡಿದ್ದು?"

ಕಚೇರಿಯ ಗುಮಾಸ್ತರೆಲ್ಲ ತಲೆ ಎತ್ತಿದ್ದರು. ಪರೀಕ್ಷಾಧಿಕಾರಿಯ ನಗು ಮಾಯವಾಯಿತು. ಪತ್ರ ಬದಲಾಯಿಸಲು ಮೇಲಿನವರ ಒಪ್ಪಿಗೆ ಬೇಕು, ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಪದವಿ ಪ್ರಮಾಣಪತ್ರವೂ ಸಿಗುವುದಿಲ್ಲ ಎಂದರು. ಸಿಗದಿದ್ದರೆ ಬೇಡ ಎಂದಳು ಮೈಕಕ್ಕ. ಮೂರು ತಿಂಗಳು, ಪ್ರತಿ ಸೋಮವಾರ, ಪಾಳಿ ಮುಗಿಸಿ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತಳು. ಹತ್ತನೇ ಸೋಮವಾರದ ಹೊತ್ತಿಗೆ ಗುಮಾಸ್ತರು ಆಕೆಯನ್ನು ನೋಡಿದರೆ ಗೋಡೆಯ ಗಡಿಯಾರ ನೋಡುವ ಅಭ್ಯಾಸ ಮಾಡಿಕೊಂಡಿದ್ದರು. ಹದಿಮೂರನೇ ಸೋಮವಾರ ಹೊಸ ಪತ್ರ ಸಿಕ್ಕಿತು. "ಮನವಿಯನ್ನು ಪರಿಶೀಲಿಸಿ" ಎಂದಷ್ಟೇ ಇತ್ತು.

"ಆಯ್ತಾ ಈಗ?" ಮನೆಯಲ್ಲಿ ಅತ್ತೆ ಕೇಳಿದರು. "ಕೋಪ ಇಳೀತಾ?"

"ಇಲ್ಲ ಅತ್ತೆ."

"ಇನ್ನೇನೇ ಬೇಕು ನಿನಗೆ?"

"ಅವ್ರು ನನ್ನೊಬ್ಬಳಿಗೇ ಹಾಗೆ ಬರ್ದಿದ್ರಾ ಅತ್ತೆ? ಇಪ್ಪತ್ತೆಂಟು ವರ್ಷದಿಂದ ಪರೀಕ್ಷೆ ಮಾಡ್ತಿದಾರೆ."

ಅತ್ತೆಗೆ ಪೂರ್ತಿ ಕೇಳಿಸಿತು.

ಮೈಕಕ್ಕ ಇವತ್ತಿಗೂ ನಿಲ್ದಾಣದಲ್ಲೇ ಇದ್ದಾಳೆ. ಪ್ರಕಟಣೆಗಳನ್ನು ಎರಡೂ ಭಾಷೆಗಳಲ್ಲಿ ಹೇಳುತ್ತಾಳೆ, ನಾಲಿಗೆಯನ್ನು ಒಂದಿಷ್ಟೂ ಬದಲಾಯಿಸಿಕೊಂಡಿಲ್ಲ. ಫಲಿತಾಂಶ ಬರುವ ವಾರ ಮಾತ್ರ ರಜೆ ಹಾಕಿ ವಿಶ್ವವಿದ್ಯಾಲಯದ ನೋಟೀಸು ಬೋರ್ಡಿನ ಹತ್ತಿರ ನಿಲ್ಲುತ್ತಾಳೆ. ಮೌಖಿಕದಲ್ಲಿ ಬಿದ್ದು ಮುಖ ಸಣ್ಣದು ಮಾಡಿಕೊಂಡವರು ಕಂಡರೆ ಹತ್ತಿರ ಹೋಗಿ, "ಅಳಬೇಡ. ನಿಯಮಾವಳಿ, ಮೂವತ್ತೇಳನೇ ಪುಟ" ಎನ್ನುತ್ತಾಳೆ. ಅರ್ಜಿ ಬರೆಸುತ್ತಾಳೆ, ಧ್ವನಿಲಿಪಿಯ ಗುರುತುಗಳನ್ನು ತಿದ್ದಿಕೊಡುತ್ತಾಳೆ. ಮೊದಲ ವರ್ಷ ಹನ್ನೊಂದು ಜನ ರೆಕಾರ್ಡಿಂಗ್ ಕೇಳಿದರು, ಅದರಲ್ಲಿ ಆರು ಜನರ ಫಲಿತಾಂಶ ಬದಲಾಯಿತು. ಐವರದು ಬದಲಾಗಲಿಲ್ಲ. ಆ ಐವರ ಹಾಳೆಗಳನ್ನು ಆಕೆ ಒಂದು ರಟ್ಟಿನ ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ, ಮತ್ತೆ ಸಮಿತಿಯ ಮುಂದೆ ಹೋಗುವುದಿದೆ ಎಂದು.